ಚಿರೇಕಲ್ಲಿನ ಮನೆ, ಅಂಗಳದಾಚೆಯ ಅತಿಥಿ ಕೊಠಡಿಗಳು: ರಿಪೀಟರ್ ಸಾಕೇ, ಆಕ್ಸೆಸ್ ಪಾಯಿಂಟ್ ಬೇಕೇ?

ತೋಟದಮನೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಮನೆ ಚಿರೇಕಲ್ಲಿನ ಹಳೆಯ ಕಟ್ಟಡ. ಒಳಗೋಡೆಗಳೂ ಒಂದೂವರೆ ಅಡಿ ದಪ್ಪವಿವೆ. ಫೈಬರ್ ಸಂಪರ್ಕದ ರೂಟರ್ ಜಗಲಿಗೆ ಹೊಂದಿಕೊಂಡ ಕೋಣೆಯಲ್ಲಿದೆ. ಅಲ್ಲಿ ವೇಗಕ್ಕೆ ಕೊರತೆಯಿಲ್ಲ, ಆದರೆ ಅಡುಗೆಮನೆ ದಾಟುವಷ್ಟರಲ್ಲಿ ಸಿಗ್ನಲ್ ಕ್ಷೀಣಿಸುತ್ತದೆ. ಅಡಿಕೆ ಒಣಗಿಸುವ ಅಂಗಳದಾಚೆ, ಮನೆಯಿಂದ ಸುಮಾರು 40 ಮೀಟರ್ ದೂರದಲ್ಲಿ ಹೋಂಸ್ಟೇಗಾಗಿ ಕಟ್ಟಿಸಿದ ಎರಡು ಕೊಠಡಿಗಳಿದ್ದು, ಅವುಗಳ ಮಾಡಿಗೆ ತಗಡು ಹೊದಿಸಿದ್ದೇವೆ. ಬರುವ ಅತಿಥಿಗಳಲ್ಲಿ ಹೆಚ್ಚಿನವರು ಬೆಂಗಳೂರಿನ ಕಚೇರಿ ಕೆಲಸವನ್ನು ಇಲ್ಲಿಂದಲೇ ಮಾಡಬೇಕಾದವರಾದ್ದರಿಂದ ವೈಫೈ ಇಲ್ಲದೆ ಆಗುವುದಿಲ್ಲ.

ಇದಕ್ಕಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡಿನ ರಿಪೀಟರ್ (ರೂಟರ್‌ನ ವೈಫೈಯನ್ನು ಪಡೆದು ಮತ್ತೆ ಹರಡುವ ಸಾಧನ) ಒಂದನ್ನು ತಂದು, ಪಾಸ್‌ವರ್ಡ್ ಬರೆಯದೆಯೇ ಜೋಡಿಸಲು ಇರುವ ಡಬ್ಲ್ಯುಪಿಎಸ್ ಗುಂಡಿಯನ್ನು ಒತ್ತಿ ರೂಟರ್‌ಗೆ ಜೋಡಿಸಿ, ಅತಿಥಿ ಕೊಠಡಿಯ ಪ್ಲಗ್ಗಿಗೇ ಹಾಕಿದ್ದೇವೆ. ಮೊಬೈಲಿನಲ್ಲಿ ಸಿಗ್ನಲ್ ಗೆರೆಗಳು ಪೂರ್ತಿ ಕಾಣಿಸುತ್ತವೆ, ಆದರೆ ವಿಡಿಯೋ ಕರೆ ಮಾಡಿದರೆ ನಡುನಡುವೆ ನಿಂತುಹೋಗುತ್ತದೆ. ಇನ್ನೂ ಎರಡು ಸಂಗತಿಗಳು ಆತಂಕ ಹುಟ್ಟಿಸಿವೆ. ಅತಿಥಿಯೊಬ್ಬರು ತಮ್ಮ ಮೊಬೈಲಿನಲ್ಲಿ ಹಾಡು ಹಾಕಲು ಹೋದಾಗ, ನಮ್ಮ ಮನೆಯೊಳಗಿನ ಟಿವಿ ಮತ್ತು ಪ್ರಿಂಟರ್‌ಗಳ ಹೆಸರು ಅವರ ಪಟ್ಟಿಯಲ್ಲಿ ಕಾಣಿಸಿಕೊಂಡವು. ಜೊತೆಗೆ, ರಿಪೀಟರ್‌ನ ಮಾದರಿಯ ಹೆಸರನ್ನೇ ಹೊತ್ತ, ಪಾಸ್‌ವರ್ಡ್ ಕೇಳದ ಇನ್ನೊಂದು ವೈಫೈ ಹೆಸರು ಈಗಲೂ ತೋರುತ್ತಿದೆ. ಇದನ್ನೆಲ್ಲ ಸರಿಯಾಗಿ, ಸುರಕ್ಷಿತವಾಗಿ ಹೇಗೆ ವ್ಯವಸ್ಥೆ ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಎಚ್ಚರ:

ಉಳಿದದ್ದಕ್ಕಿಂತ ಮೊದಲು ಪಾಸ್‌ವರ್ಡ್ ಕೇಳದ ಆ ವೈಫೈ ಹೆಸರನ್ನು ಇವತ್ತೇ ಮುಚ್ಚಿ. ಡಬ್ಲ್ಯುಪಿಎಸ್ ಗುಂಡಿಯಿಂದ ಜೋಡಿಸಿದಾಗ ನಿಮ್ಮ ರಿಪೀಟರ್ ಬಹುಶಃ 2.4 ಗಿಗಾಹರ್ಟ್ಸ್ ಭಾಗದಲ್ಲಿ ಮಾತ್ರ ರೂಟರ್‌ನ ಹೆಸರು ಮತ್ತು ಪಾಸ್‌ವರ್ಡನ್ನು ನಕಲು ಮಾಡಿಕೊಂಡಿದೆ. 5 ಗಿಗಾಹರ್ಟ್ಸ್ ಭಾಗವು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿಯೇ, ಅಂದರೆ ಮೊದಲ ಬಾರಿ ಹೊಂದಿಸಲು ಬೇಕಾಗುವ ತೆರೆದ ಸ್ಥಿತಿಯಲ್ಲಿಯೇ, ಉಳಿದುಕೊಂಡಿದೆ. ಆ ಹೆಸರಿಗೆ ಸೇರಿಕೊಂಡವರು ರಿಪೀಟರ್‌ನ ಮೂಲಕ ನಿಮ್ಮ ಮನೆಯ ಇಡೀ ಜಾಲದೊಳಕ್ಕೆ ಬರಬಹುದು. ಮುಖ್ಯ ರೂಟರ್‌ಗೆ ಎಷ್ಟು ಬಿಗಿಯಾದ ಪಾಸ್‌ವರ್ಡ್ ಇದ್ದರೂ ಇದನ್ನು ತಡೆಯಲಾಗದು, ಏಕೆಂದರೆ ರೂಟರ್‌ನ ದೃಷ್ಟಿಯಲ್ಲಿ ಆ ಎಲ್ಲ ಸಂಚಾರವೂ ಈಗಾಗಲೇ ಒಪ್ಪಿಗೆ ಪಡೆದ ರಿಪೀಟರ್‌ನಿಂದಲೇ ಬರುತ್ತಿರುತ್ತದೆ. ರಿಪೀಟರ್‌ನ ಆಡಳಿತ ಪುಟವನ್ನು ತೆರೆದು, ಎರಡೂ ಬ್ಯಾಂಡುಗಳಿಗೆ ಪಾಸ್‌ವರ್ಡ್ ಕೊಡಿ ಅಥವಾ ಬಳಸದ ಬ್ಯಾಂಡನ್ನು ನಿಲ್ಲಿಸಿ. ಆ ಪುಟದ ಪ್ರವೇಶಕ್ಕೆ ಕಾರ್ಖಾನೆಯವರು ಕೊಟ್ಟ ಪಾಸ್‌ವರ್ಡ್ ಪೆಟ್ಟಿಗೆಯ ಮೇಲೋ ಅಂತರ್ಜಾಲದಲ್ಲೋ ಎಲ್ಲರಿಗೂ ಸಿಗುವಂಥದ್ದಾದ್ದರಿಂದ ಅದನ್ನೂ ಬದಲಿಸಿ.

ಜೋಡಣೆ ಮುಗಿದಿರುವುದರಿಂದ ಇನ್ನು ಡಬ್ಲ್ಯುಪಿಎಸ್ ಅಗತ್ಯವಿಲ್ಲ. ರೂಟರ್ ಮತ್ತು ರಿಪೀಟರ್ ಎರಡರಲ್ಲೂ ಅದನ್ನು ನಿಲ್ಲಿಸಿ. ಗುಂಡಿ ಒತ್ತುವ ವಿಧಾನಕ್ಕಿಂತ ಅದರ ಜೊತೆಗೆ ಬರುವ ಎಂಟು ಅಂಕಿಗಳ ಪಿನ್ ಅಪಾಯಕಾರಿ. ಎಂಟು ಅಂಕಿಗಳೆಂದರೆ ಹತ್ತು ಕೋಟಿ ಸಾಧ್ಯತೆಗಳಿರಬೇಕು ಎಂದು ತೋರುತ್ತದೆ. ಆದರೆ ರೂಟರ್ ಮೊದಲ ನಾಲ್ಕು ಅಂಕಿಗಳು ಸರಿಯೇ ತಪ್ಪೇ ಎಂಬುದನ್ನು ಪ್ರತ್ಯೇಕವಾಗಿ ಹೇಳಿಬಿಡುತ್ತದೆ, ಕೊನೆಯ ಅಂಕಿಯೋ ಉಳಿದ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು. ಹಾಗಾಗಿ ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಪಿನ್ ಸಿಕ್ಕಿಬಿಡುತ್ತದೆ. ಈ ದೋಷ 2011ರಲ್ಲಿಯೇ ಬಹಿರಂಗವಾಯಿತು. ಹಲವು ತಪ್ಪು ಪ್ರಯತ್ನಗಳ ಬಳಿಕ ತಡೆ ಹಾಕುವ ವ್ಯವಸ್ಥೆ ನಂತರ ಬಂದಿದೆಯಾದರೂ ಅಗ್ಗದ ಸಾಧನಗಳಲ್ಲಿ ಅದನ್ನು ನಂಬಿಕೊಂಡು ಕೂರಬಾರದು.

ಜಾಲಸೇವಕ:

ವೇಗದ ವಿಷಯಕ್ಕೆ ಬರುತ್ತೇನೆ. ಮೊಬೈಲಿನಲ್ಲಿ ಕಾಣುವ ಪೂರ್ತಿ ಗೆರೆಗಳು ಮೊಬೈಲಿಗೂ ರಿಪೀಟರ್‌ಗೂ ನಡುವಿನ ಸಿಗ್ನಲ್ಲನ್ನು ತೋರಿಸುತ್ತವೆಯೇ ಹೊರತು ರಿಪೀಟರ್‌ಗೂ ರೂಟರ್‌ಗೂ ನಡುವಿನದ್ದನ್ನಲ್ಲ. ನೀವು ಅದನ್ನು ಸಿಗ್ನಲ್ ಇಲ್ಲದ ಜಾಗದಲ್ಲಿ ಇಟ್ಟಿದ್ದೀರಿ. ಅಲ್ಲಿಗೆ ತಲುಪುವ ಚೂರುಪಾರು ಸಿಗ್ನಲ್ಲನ್ನೇ ಅದು ಮತ್ತೆ ಹರಡಬೇಕಾಗಿದೆ. ರಿಪೀಟರ್ ಇರಬೇಕಾದ ಸ್ಥಳವೆಂದರೆ ರೂಟರ್‌ನ ಸಿಗ್ನಲ್ ಇನ್ನೂ ಚೆನ್ನಾಗಿ ಸಿಗುವ ನಡುದಾರಿ.

ಅದನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಬೇಡಿ. ವೈಫೈ ಅಳೆಯುವ ಉಚಿತ ಆಪ್‌ಗಳಿವೆ. ರಿಪೀಟರನ್ನು ಆಫ್ ಮಾಡಿ, ಮೊಬೈಲ್ ಹಿಡಿದು ಜಗಲಿಯಿಂದ ಅಂಗಳದ ಕಡೆಗೆ ನಡೆಯುತ್ತಾ ಸಿಗ್ನಲ್ ಬಲವನ್ನು ತೋರಿಸುವ ಡಿಬಿಎಂ ಅಂಕಿಯನ್ನು ಗಮನಿಸಿ. ಈ ಅಂಕಿ ಋಣಾತ್ಮಕವಾಗಿರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾದದ್ದು, ಪ್ರತಿ 3 ಡೆಸಿಬಲ್ ಇಳಿದಾಗ ಶಕ್ತಿ ಅರ್ಧವಾಗುತ್ತದೆ. ಧ್ವನಿ ಮತ್ತು ವಿಡಿಯೋ ಕರೆಗಳಿಗೆ -67 ಅಥವಾ ಅದಕ್ಕಿಂತ ಉತ್ತಮ ಅಂಕಿ ಬೇಕೆಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಮಾನದಂಡ. -80ರ ಆಸುಪಾಸಿನಲ್ಲಿ ಸಂಪರ್ಕ ಹೆಸರಿಗೆ ಮಾತ್ರ ಇರುತ್ತದೆ. ನಿಮ್ಮ ಮನೆಯ ರಚನೆಯನ್ನು ನೋಡಿದರೆ, ಅಂಗಳದ ಕಡೆಗೆ ತೆರೆಯುವ ಹಿಂಬದಿಯ ಕಿಟಕಿಯೊಂದರ ಒಳಮಗ್ಗುಲು ಸೂಕ್ತವಾಗಬಹುದು. ಅಲ್ಲಿಂದ ಕೊಠಡಿಗಳ ಕಿಟಕಿ ನೇರವಾಗಿ ಕಾಣುವಂತಿರಲಿ, ಏಕೆಂದರೆ ತಗಡು ಅಲೆಗಳನ್ನು ಪ್ರತಿಫಲಿಸುತ್ತದೆ, ಅಲೆಗಳು ಒಳಕ್ಕೆ ಬರುವುದು ಗೋಡೆ ಮತ್ತು ಕಿಟಕಿಗಳ ಮೂಲಕವಷ್ಟೇ. ಮಳೆಗಾಲದಲ್ಲಿ ನೀರು ಹೀರಿದ ಕಲ್ಲುಗೋಡೆ ಇನ್ನಷ್ಟು ಸಿಗ್ನಲ್ ನುಂಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಅಳೆಯುವುದಾದರೆ ಸ್ವಲ್ಪ ಹೆಚ್ಚುವರಿ ಬಲವನ್ನು ಉಳಿಸಿಕೊಂಡೇ ಜಾಗ ಆರಿಸಿ.

ಇಷ್ಟಾದರೂ ರಿಪೀಟರ್‌ಗೆ ಒಂದು ಸಹಜ ಮಿತಿಯಿದೆ. ಒಂದೇ ಚಾನೆಲಿನಲ್ಲಿ ಅದು ಪ್ರತಿಯೊಂದು ಮಾಹಿತಿ ತುಣುಕನ್ನೂ ಮೊದಲು ಕೇಳಿಸಿಕೊಂಡು, ಆಮೇಲೆ ಅದೇ ಚಾನೆಲಿನಲ್ಲಿ ಮತ್ತೆ ಹೇಳಬೇಕು. ಹೀಗಾಗಿ ಲಭ್ಯ ಸಮಯ ಇಬ್ಭಾಗವಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಒಂದು ಬ್ಯಾಂಡಿನಲ್ಲಿ ರೂಟರ್‌ನಿಂದ ಪಡೆದು ಇನ್ನೊಂದರಲ್ಲಿ ಹಂಚುವಂತೆ ಹೊಂದಿಸಿದರೆ ಈ ನಷ್ಟ ತಪ್ಪುತ್ತದೆ. ಆದರೆ 5 ಗಿಗಾಹರ್ಟ್ಸ್ ಅಲೆಗಳು ನಿಮ್ಮ ಗೋಡೆಗಳನ್ನು ದಾಟುವುದು ಕಷ್ಟ. ಹೀಗಾಗಿ ರೂಟರ್‌ನಿಂದ ಪಡೆಯಲು 2.4, ಅಂಗಳದಾಚೆಗೆ ಹಂಚಲು 5 ಎಂದು ಹೊಂದಿಸುವುದು ನಿಮ್ಮಲ್ಲಿ ಹೆಚ್ಚು ಫಲ ಕೊಡಬಹುದು. 2.4ರಲ್ಲಿ 1, 6, 11 ಈ ಮೂರು ಚಾನೆಲುಗಳು ಮಾತ್ರ ಒಂದರ ಮೇಲೊಂದು ಹಾಯುವುದಿಲ್ಲ. ಅವುಗಳಲ್ಲೊಂದನ್ನು ಆರಿಸಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಸೀಮಿತಗೊಳಿಸಿ.

ನನ್ನನ್ನು ಕೇಳಿದರೆ, ಹಣ ಪಡೆದು ಅತಿಥಿಗಳಿಗೆ ಸೇವೆ ಕೊಡುವ ನಿಮ್ಮಂಥವರು ರಿಪೀಟರನ್ನು ತಾತ್ಕಾಲಿಕ ಉಪಾಯವೆಂದೇ ತಿಳಿಯಬೇಕು. ಶಾಶ್ವತ ಪರಿಹಾರವೆಂದರೆ ಕೇಬಲ್ ಎಳೆದು ಅಲ್ಲೊಂದು ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲಿನಲ್ಲಿ ಬಂದ ಸಂಪರ್ಕವನ್ನು ವೈಫೈಯಾಗಿ ಹರಡುವ ಸಾಧನ, ಇಡುವುದು.

ಸಹ್ಯಾದ್ರಿ:

ಜಾಲಸೇವಕರ ಕೊನೆಯ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ, ಆದರೆ ಮಲೆನಾಡಿನಲ್ಲಿ ಕೇಬಲ್ ಎಳೆಯುವ ಮುನ್ನ ಸಿಡಿಲಿನ ಬಗ್ಗೆ ಯೋಚಿಸಲೇಬೇಕು. ತಾಮ್ರದ ಈಥರ್ನೆಟ್ ಕೇಬಲ್ 100 ಮೀಟರ್ ತನಕ ಕೆಲಸ ಮಾಡುತ್ತದೆ, ನಿಮ್ಮ 40 ಮೀಟರ್ ಅದಕ್ಕೆ ದೊಡ್ಡದಲ್ಲ. ಆದರೆ ಎರಡು ಪ್ರತ್ಯೇಕ ಕಟ್ಟಡಗಳ ನಡುವೆ ಹೊರಗಡೆ ಎಳೆದ ತಾಮ್ರದ ತಂತಿ, ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಿ ಹತ್ತಿರದ ಮರಕ್ಕೆ ಸಿಡಿಲು ಬಡಿದರೂ ಸಾಕು, ಆ ಹೊಡೆತವನ್ನು ಎರಡೂ ತುದಿಯ ಉಪಕರಣಗಳಿಗೆ ಒಯ್ಯಬಲ್ಲದು. ನಮ್ಮ ಊರಿನಲ್ಲಿ ಹೀಗೆ ರೂಟರ್ ಮಾತ್ರವಲ್ಲದೆ ಅದಕ್ಕೆ ಕೇಬಲಿನಿಂದ ಜೋಡಿಸಿದ್ದ ಟಿವಿಯೂ ಸುಟ್ಟುಹೋದದ್ದನ್ನು ಕಂಡಿದ್ದೇನೆ.

ಆದ್ದರಿಂದ ಅಂಗಳವನ್ನು ದಾಟಲು ಫೈಬರ್ ಎಳೆಯಿರಿ ಎಂಬುದು ನನ್ನ ಒತ್ತಾಯದ ಸಲಹೆ. ಎರಡು ತುದಿಗಳಲ್ಲಿ ಒಂದೊಂದು ಮೀಡಿಯಾ ಕನ್ವರ್ಟರ್ ಇಟ್ಟರೆ ಬೆಳಕು ಮತ್ತೆ ಈಥರ್ನೆಟ್ ಆಗುತ್ತದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ನಿಮ್ಮೂರಿಗೆ ಇಂಟರ್‌ನೆಟ್ ಕೊಡುವವರ ಬಳಿಯೇ ಫೈಬರ್ ಬೆಸೆಯುವ ಯಂತ್ರ ಇರುತ್ತದೆಯಾದ್ದರಿಂದ ತುದಿಗಳನ್ನು ಜೋಡಿಸಿಕೊಡಲು ಅವರನ್ನೇ ಕೇಳಬಹುದು. ಒಂದು ಎಚ್ಚರಿಕೆ ಇದೆ: ಕಂಬದಿಂದ ಕಂಬಕ್ಕೆ ಕಟ್ಟುವ ಫೈಬರ್ ಕೇಬಲಿನಲ್ಲಿ ಬಲಕ್ಕಾಗಿ ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಿ. ಒಳಗೆ ಬರುವ ಭಾಗದಲ್ಲಿ ಯಾವ ಲೋಹವೂ ಇರದಂತೆ ನೋಡಿಕೊಳ್ಳಿ. ಮನೆಯೊಳಗೆ ಈಥರ್ನೆಟ್ ಬಳಸುವಾಗ ಶುದ್ಧ ತಾಮ್ರದ ಕೇಬಲನ್ನೇ ಕೊಳ್ಳಿ. ಅಲ್ಯೂಮಿನಿಯಮ್ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲು ಬಾಗಿಸಿದಲ್ಲಿ ಬೇಗ ಮುರಿಯುತ್ತದೆ.

ಆಕ್ಸೆಸ್ ಪಾಯಿಂಟಿನ ಹೊಂದಾಣಿಕೆ ಕಷ್ಟವಲ್ಲ. ಹಳೆಯ ರೂಟರ್ ಒಂದಿದ್ದರೆ ಅದನ್ನೂ ಹೀಗೆ ಬಳಸಬಹುದು. ಮುಖ್ಯ ರೂಟರ್‌ನ ವಿಳಾಸ 192.168.1.1 ಆಗಿದ್ದರೆ, ಎರಡನೆಯದಕ್ಕೆ 192.168.1.2 ಎಂಬಂಥ, ಮುಖ್ಯ ರೂಟರ್ ಬೇರಾರಿಗೂ ಹಂಚದ ಸ್ಥಿರ ವಿಳಾಸ ಕೊಡಿ. ಎರಡನೆಯದರ ಡಿಎಚ್‌ಸಿಪಿಯನ್ನು, ಅಂದರೆ ಸಾಧನಗಳಿಗೆ ವಿಳಾಸ ಹಂಚುವ ಸೇವೆಯನ್ನು, ನಿಲ್ಲಿಸಿ, ಏಕೆಂದರೆ ಒಂದೇ ಜಾಲದಲ್ಲಿ ಇಬ್ಬರು ವಿಳಾಸ ಹಂಚಿದರೆ ಮೊಬೈಲುಗಳು ಯಾವಾಗ ಯಾರ ಮಾತು ಕೇಳುತ್ತವೆಂದು ಹೇಳಲಾಗದು. ಕೇಬಲನ್ನು ಅದರ ವ್ಯಾನ್ (ಇಂಟರ್‌ನೆಟ್ ಬರುವ) ಕಿಂಡಿಗಲ್ಲ, ಲ್ಯಾನ್ (ಮನೆಯ ಸಾಧನಗಳ) ಕಿಂಡಿಗೆ ಸಿಕ್ಕಿಸಿ. ಸಾಧನದಲ್ಲಿಯೇ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆ ಇದ್ದರೆ ಇದೆಲ್ಲವನ್ನೂ ಅದೇ ಮಾಡಿಕೊಳ್ಳುತ್ತದೆ.

ಎಚ್ಚರ:

ಭದ್ರತೆಯ ಉಳಿದ ಭಾಗವನ್ನು ಈಗ ಬರೆಯುತ್ತೇನೆ. ಗೂಢಲಿಪೀಕರಣದ ಆಯ್ಕೆಯಲ್ಲಿ ಡಬ್ಲ್ಯುಇಪಿ ಎಂಬ ಹಳೆಯ ವಿಧಾನ ಕಂಡರೆ ಅದನ್ನು ಮುಟ್ಟಬೇಡಿ. 2001ರಲ್ಲೇ ಅದು ಮುರಿದುಬಿದ್ದಿದೆ. ಎಲ್ಲ ಸಾಧನಗಳೂ ಹೊಸವಾದರೆ 2018ರಲ್ಲಿ ಬಂದ ಡಬ್ಲ್ಯುಪಿಎ3 ಉತ್ತಮ. ಹಳೆಯ ಪ್ರಿಂಟರ್‌ನಂಥವು ಇದ್ದರೆ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡನ್ನೂ ಒಪ್ಪುವ ಮಿಶ್ರ ಸ್ಥಿತಿ, ಅದೂ ಇಲ್ಲವಾದರೆ ಎಇಎಸ್ ಎಂಬ ಗೂಢಲಿಪಿಯನ್ನು ಮಾತ್ರ ಬಳಸುವ ಡಬ್ಲ್ಯುಪಿಎ2. ಟಿಕೆಐಪಿ ಎಂಬ ಹಳೆಯ ಗೂಢಲಿಪಿಯ ಆಯ್ಕೆ ಅಸುರಕ್ಷಿತ ಮಾತ್ರವಲ್ಲ, ಅದನ್ನು ಬಳಸಿದರೆ ಸಂಪರ್ಕದ ವೇಗವೂ ಸೆಕೆಂಡಿಗೆ 54 ಮೆಗಾಬಿಟ್‌ಗೆ ಸೀಮಿತವಾಗುತ್ತದೆ.

ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಡಬ್ಲ್ಯುಪಿಎ2ನಲ್ಲಿ, ಮೊಬೈಲು ಜಾಲಕ್ಕೆ ಸೇರುವ ಕ್ಷಣದ ಮಾತುಕತೆಯನ್ನು ದಾಖಲಿಸಿಕೊಂಡವರು ಅದನ್ನು ತಮ್ಮ ಮನೆಗೆ ಒಯ್ದು, ವೇಗದ ಕಂಪ್ಯೂಟರಿನಲ್ಲಿ ಊಹೆಗಳನ್ನು ಹಾಕಿ ನೋಡಬಹುದಾದ್ದರಿಂದ ಉದ್ದವೇ ಇಲ್ಲಿ ನಿಜವಾದ ರಕ್ಷಣೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಜೋಡಿಸಿದರೆ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ. ಮನೆಯ ಹೆಸರು, ಮೊಬೈಲ್ ಸಂಖ್ಯೆ ಬೇಡ. ವೈಫೈ ಹೆಸರನ್ನು ಅಡಗಿಸುವುದರಿಂದಾಗಲಿ, ಒಪ್ಪಿಗೆಯಿರುವ ಸಾಧನಗಳ ಮ್ಯಾಕ್ ವಿಳಾಸಗಳ (ಪ್ರತಿ ಸಾಧನದ ಗುರುತು ಸಂಖ್ಯೆಗಳ) ಪಟ್ಟಿ ಮಾಡುವುದರಿಂದಾಗಲಿ ರಕ್ಷಣೆ ಸಿಗುವುದಿಲ್ಲ. ಗಾಳಿಯಲ್ಲಿ ಹಾಯುವ ಸಂದೇಶಗಳನ್ನು ಗಮನಿಸುವವರಿಗೆ ಎರಡೂ ತಿಳಿಯುತ್ತವೆ.

ರಿಪೀಟರ್ ಇಟ್ಟುಕೊಳ್ಳುವವರು ಅದರ ಫರ್ಮ್‌ವೇರನ್ನು (ಒಳಗಿನ ತಂತ್ರಾಂಶವನ್ನು) ಕಡ್ಡಾಯವಾಗಿ ನವೀಕರಿಸಬೇಕು ಎಂದು ಒತ್ತಿ ಹೇಳುತ್ತೇನೆ. 2017ರಲ್ಲಿ ಪ್ರಕಟವಾದ ಕ್ರ್ಯಾಕ್ ಎಂಬ ಡಬ್ಲ್ಯುಪಿಎ2 ದೋಷ ಹೆಚ್ಚಾಗಿ ಕಾಡಿದ್ದು ಜಾಲಕ್ಕೆ ಸೇರಿಕೊಳ್ಳುವ ಸಾಧನಗಳನ್ನು. ರೂಟರ್‌ನ ಎದುರು ರಿಪೀಟರ್ ಕೂಡ ಮೊಬೈಲಿನಂತೆಯೇ ಸೇರಿಕೊಳ್ಳುವ ಸಾಧನವಾದ್ದರಿಂದ ಅದಕ್ಕೂ ಈ ದೋಷ ತಟ್ಟುತ್ತದೆ. ಜನ ಮೊಬೈಲನ್ನು ನವೀಕರಿಸುತ್ತಾರೆ, ಪ್ಲಗ್ಗಿನಲ್ಲಿ ಕುಳಿತ ರಿಪೀಟರನ್ನು ಮರೆತುಬಿಡುತ್ತಾರೆ.

ಹೋಂಸ್ಟೇ ನಡೆಸುವವರಿಗೆ ಇದು ಬರೀ ತಾಂತ್ರಿಕ ಪ್ರಶ್ನೆಯಲ್ಲ. 2008ರ ಅಹಮದಾಬಾದ್ ಸ್ಫೋಟಗಳಿಗೆ ಸಂಬಂಧಿಸಿದ ಬೆದರಿಕೆಯ ಇಮೇಲನ್ನು ನವಿ ಮುಂಬೈನ ಮನೆಯೊಂದರ ವೈಫೈ ಬಳಸಿ ಕಳುಹಿಸಲಾಗಿತ್ತು. ತನಿಖೆ ಮೊದಲು ಹೋದದ್ದು ಆ ಸಂಪರ್ಕ ಯಾರ ಹೆಸರಿನಲ್ಲಿತ್ತೋ ಅವರ ಮನೆಗೆ.

ತೋಟದಮನೆ:

ಇಷ್ಟು ತಾಳ್ಮೆಯಿಂದ ವಿವರಿಸಿದ ಎಲ್ಲರಿಗೂ ಕೃತಜ್ಞತೆಗಳು. ತೆರೆದಿದ್ದ ವೈಫೈ ಹೆಸರನ್ನು ಮುಚ್ಚಿ, ಡಬ್ಲ್ಯುಪಿಎಸ್ ನಿಲ್ಲಿಸಿ, ರಿಪೀಟರನ್ನು ಹಿಂಬದಿಯ ಕಿಟಕಿಗೆ ಸ್ಥಳಾಂತರಿಸಿದೆವು. ಅಲ್ಲಿ -62ರಷ್ಟು ಸಿಗ್ನಲ್ ಸಿಗುತ್ತಿದ್ದು, ಕರೆಗಳು ಈಗ ನಿಲ್ಲುತ್ತಿಲ್ಲ. ಮಳೆಗಾಲಕ್ಕೆ ಮೊದಲೇ ಫೈಬರ್ ಎಳೆಸುವ ತಯಾರಿಯಲ್ಲಿದ್ದೇವೆ. ಒಂದು ಸಂದೇಹ ಉಳಿದಿದೆ. ಅತಿಥಿಗಳ ಕಡೆಗೆ ಆಕ್ಸೆಸ್ ಪಾಯಿಂಟ್ ಬದಲು ಇನ್ನೊಂದು ರೂಟರನ್ನು ರೂಟರ್ ಆಗಿಯೇ ಇಟ್ಟರೆ, ಎರಡು ಜಾಲಗಳು ಬೇರೆಯಾಗಿ ನಮ್ಮ ಟಿವಿ, ಪ್ರಿಂಟರ್ ಅವರಿಗೆ ಕಾಣದಂತಾಗುವುದಿಲ್ಲವೇ?

ಜಾಲಸೇವಕ:

ಪಟ್ಟಿಯಲ್ಲಿ ಹೆಸರು ಕಾಣದಿರಬಹುದು, ಆದರೆ ದಾರಿ ತೆರೆದೇ ಇರುತ್ತದೆ. ಅತಿಥಿಗಳ ರೂಟರ್ ನಿಮ್ಮ ರೂಟರ್‌ನ ಹಿಂದೆ ಇದ್ದರೆ, ಅವರ ಸಂಚಾರ ಹೊರಗೆ ಹೋಗುವುದು ನಿಮ್ಮ ಮನೆಯ ಜಾಲದ ಮೂಲಕವೇ. ಅಲ್ಲಿನ ಯಾವುದೇ ವಿಳಾಸವನ್ನು ನೇರವಾಗಿ ಕೇಳಿದರೆ ಉತ್ತರ ಸಿಗುತ್ತದೆ. ಹೀಗೆ ಎರಡು ರೂಟರ್ ಬಳಸಲೇಬೇಕಾದರೆ ಮನೆಯ ಸಾಧನಗಳನ್ನು ಎರಡನೆಯ ರೂಟರ್‌ನ ಹಿಂದಿಟ್ಟು, ಅತಿಥಿಗಳನ್ನು ಮೊದಲನೆಯದರಲ್ಲಿ ಬಿಡಬೇಕು. ಆಗಲೂ ಮೊದಲ ರೂಟರ್‌ನ ಆಡಳಿತ ಪುಟ ಅತಿಥಿಗಳಿಗೆ ತಲುಪುವಂತಿರುವುದರಿಂದ ಅದರ ಪಾಸ್‌ವರ್ಡ್ ಗಟ್ಟಿಯಾಗಿರಲಿ.

ಮುಖ್ಯ ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಆಯ್ಕೆಯಿದ್ದರೆ ಸದ್ಯಕ್ಕೆ ರಿಪೀಟರನ್ನು ಆ ಗೆಸ್ಟ್ ಹೆಸರಿಗೇ ಜೋಡಿಸಿ. ಆಗ ರಿಪೀಟರ್‌ನ ಮೂಲಕ ಬರುವವರೆಲ್ಲರೂ ಅತಿಥಿಗಳ ಪಾಲಿನಲ್ಲೇ ಉಳಿಯುತ್ತಾರೆ. ಆದರೆ ಫೈಬರ್ ಎಳೆದು ಆಕ್ಸೆಸ್ ಪಾಯಿಂಟ್ ಹಾಕಿದ ಮೇಲೆ ಈ ಪ್ರತ್ಯೇಕತೆ ತಾನಾಗಿ ಮುಂದುವರಿಯುವುದಿಲ್ಲ. ಸಾಧಾರಣ ರೂಟರ್‌ಗಳಲ್ಲಿ ಗೆಸ್ಟ್ ವಿಭಜನೆ ಅದರ ಸ್ವಂತ ವೈಫೈಗೆ ಮಾತ್ರ ಅನ್ವಯಿಸುತ್ತದೆ, ಲ್ಯಾನ್ ಕಿಂಡಿಗಲ್ಲ. ಒಂದೇ ಎಳೆಯಲ್ಲಿ ಮನೆಯ ಮತ್ತು ಅತಿಥಿಗಳ ಜಾಲಗಳನ್ನು ಬೇರೆಬೇರೆಯಾಗಿ ಒಯ್ಯಲು ವಿ-ಲ್ಯಾನ್ ಬೇಕು. ಆದ್ದರಿಂದ ಹೊಸದಾಗಿ ಕೊಳ್ಳುವಾಗ ರೂಟರ್, ಆಕ್ಸೆಸ್ ಪಾಯಿಂಟ್ ಎರಡರಲ್ಲೂ ವಿ-ಲ್ಯಾನ್ ಸೌಲಭ್ಯ ಇದೆಯೇ ಎಂದು ಕೇಳಿಯೇ ಕೊಳ್ಳಿ. ಹೊಂದಿಸಿದ ಮೇಲೆ ಅತಿಥಿಗಳ ವೈಫೈಗೆ ಸೇರಿ, ಪ್ರಿಂಟರ್‌ನ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ; ಪುಟ ತೆರೆದುಕೊಂಡರೆ ವಿಭಜನೆ ಆಗಿಲ್ಲವೆಂದೇ ಅರ್ಥ.