ಸಹಾಯ ಬೇಕು: ತೋಟದ ವಾಕಿಟಾಕಿಯ ಮೇಲೆ ಯಾವ ಗುರುತು ಇರಬೇಕು?

ನಮಸ್ಕಾರ. ಸಿದ್ದಾಪುರದ ಬಳಿಯ ನಮ್ಮ ಕಾಫಿ ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಆನೆ ಬಂದರೆ ಕೆಲಸದವರನ್ನು ಕೂಗಿಯೇ ಎಚ್ಚರಿಸಬೇಕು. ಇದು ಅವರ ಜೀವದ ಪ್ರಶ್ನೆ. ಅದಕ್ಕೇ ವಾಕಿಟಾಕಿ ಕೊಳ್ಳಲು ಹೊರಟಿದ್ದೇವೆ.

ಅಂಗಡಿಯವರು ತೋರಿಸಿದ ಪೆಟ್ಟಿಗೆಯ ಮೇಲೆ ಸಿಇ, ಎಫ್‌ಸಿಸಿ ಗುರುತುಗಳಷ್ಟೇ ಇವೆ. ಅವು ಯುರೋಪ್ ಮತ್ತು ಅಮೆರಿಕದವು, ನಮ್ಮಲ್ಲಿ ಸಾಲುವುದಿಲ್ಲ. 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಕಡಿಮೆ ಶಕ್ತಿಯ ಸೆಟ್‌ಗಳಿಗೆ 2018ರ ನಿಯಮದಂತೆ ಪರವಾನಗಿ ಬೇಡ, ಆದರೆ ದೂರಸಂಪರ್ಕ ಇಲಾಖೆಯ ಇಟಿಎ (ಉಪಕರಣದ ಮಾದರಿಗೆ ಕೊಡುವ ಅನುಮೋದನೆ) ಇರಲೇಬೇಕು. ಈ ಪೆಟ್ಟಿಗೆಯಲ್ಲಿ ಆವರ್ತನವನ್ನೇ ಬರೆದಿಲ್ಲ!

ಮಾದರಿ ಸಂಖ್ಯೆ ಹಿಡಿದು ಇಟಿಎ ಪ್ರಮಾಣಪತ್ರ ಅಸಲಿಯೇ ಎಂದು ನೋಡುವುದು ಹೇಗೆ? ಅನುಮೋದಿತ ಸೆಟ್ ಬಳಸುತ್ತಿರುವ ಕೊಡಗಿನ ಬೆಳೆಗಾರರು, ಇಳಿಜಾರಿನಲ್ಲಿ ಎಷ್ಟು ದೂರ ಕೇಳಿಸುತ್ತದೆ ಎಂಬುದನ್ನೂ ದಯವಿಟ್ಟು ತಿಳಿಸಿ. ಕೊಯ್ಲಿಗೆ ಮೊದಲೇ ಕೊಳ್ಳಬೇಕಿದೆ.