ವ್ಯಾಂಡಲಿಸಂ ಅಂದ್ರೆ ಧ್ವಂಸನಾ, ದಾಂಧಲೆನಾ?

ಕವಲೇದುರ್ಗದಂಥ ಹಳೇ ಕೋಟೆ ಗೋಡೆ ಮೇಲೆ ಮೊಳೆಲಿ ಹೆಸರು ಕೆತ್ತಿ, ಪಕ್ಕದಲ್ಲಿ ಒಂದು ಹಾರ್ಟು ಬರೆದು ಹೋಗ್ತಾರಲ್ಲ, ಆ ಕೆಲ್ಸಕ್ಕೆ ಕನ್ನಡದಲ್ಲಿ ಏನಂತೀರಿ? ಇಂಗ್ಲಿಷಲ್ಲಿ ಅದಕ್ಕೆ ವ್ಯಾಂಡಲಿಸಂ ಅಂತಾರೆ, ಅದನ್ನ ಕನ್ನಡದಲ್ಲಿ ವಿಧ್ವಂಸಕ ಕೃತ್ಯ ಅಂತ ಬರೆಯೋದು ನೋಡಿದೀನಿ, ನಂಗ್ಯಾಕೋ ಒಗ್ಗಲ್ಲ. ಅದು ಕಿವಿಗೆ ಬಿದ್ದ ಕೂಡ್ಲೇ ರೈಲು ಹಳಿ ಕಿತ್ತಿದ್ದು, ಬಾಂಬ್ ಇಟ್ಟಿದ್ದು ನೆನಪಾಗತ್ತೆ, ಇಲ್ಲಿ ಗೋಡೆ ನಿಂತೇ ಇದೆ, ಲಕ್ಷಣ ಕೆಟ್ಟಿದೆ ಅಷ್ಟೇ. ದಾಂಧಲೆ ಅನ್ನೋಕೆ ಗುಂಪು, ಗಲಾಟೆ ಎಲ್ಲಾ ಇರ್ಬೇಕು. ಪೇಪರ್‌ನೋರ ಕಿಡಿಗೇಡಿ ಅಂತೂ ಎಲ್ಲದಕ್ಕೂ ಸಲ್ಲತ್ತೆ, ವಾಟ್ಸಾಪಲ್ಲಿ ಸುಳ್ಳು ಹಬ್ಬಿಸಿದೋನೂ ಕಿಡಿಗೇಡಿ, ಬಣವೆಗೆ ಬೆಂಕಿ ಇಟ್ಟೋನೂ ಕಿಡಿಗೇಡಿ. ಹಾನಿ ಅನ್ನೋಣ ಅಂದ್ರೆ ನಮ್ಮಲ್ಲಿ ಅದನ್ನ ಮಳೆಗಾಳಿನೇ ವರ್ಷವರ್ಷ ಮಾಡತ್ತೆ.

ಮೂಲ ನೋಡಿದ್ರೆ 455ರಲ್ಲಿ ವ್ಯಾಂಡಲ್ ಅನ್ನೋ ಜರ್ಮನಿಕ್ ಜನ ಅವರ ರಾಜ ಗೈಸೆರಿಕ್ ಜೊತೆ ರೋಮ್‌ಗೆ ನುಗ್ಗಿ ಎರಡು ವಾರ ಲೂಟಿ ಹೊಡೆದ್ರು. ಆದ್ರೆ ಪದ ಬಳಕೆಗೆ ಬಂದಿದ್ದು 1794ರಲ್ಲಿ, ಫ್ರೆಂಚ್ ಕ್ರಾಂತಿ ಟೈಮಲ್ಲಿ ಸ್ಮಾರಕ, ಕಲಾಕೃತಿ ಎಲ್ಲಾ ಒಡೆದು ಹಾಕ್ತಿದ್ದಾಗ ಅದನ್ನ ಖಂಡಿಸೋಕೆ ಗ್ರೆಗ್ವಾರ್ ಅನ್ನೋ ಬಿಷಪ್ಪು ಆ ಹಳೇ ಜನರ ಹೆಸರು ಎಳ್ಕೊಂಡು ಬಂದ. ಪಾಪ, ಅವ್ರು ಬಂದಿದ್ದು ಚಿನ್ನ ಬೆಳ್ಳಿಗೆ, ಇವತ್ತಿನ ಅರ್ಥದಲ್ಲಿ ನೋಡಿದ್ರೆ ಅದು ವ್ಯಾಂಡಲಿಸಮ್ಮೇ ಅಲ್ಲ, ಬರೀ ದರೋಡೆ! ನಮ್ ಕಡೆ ನಿಧಿ ಸಿಗತ್ತೆ ಅಂತ ಪಾಳು ದೇವಸ್ಥಾನ ಅಗೆಯೋರನ್ನೂ ಇದಕ್ಕೆ ಸೇರಿಸೋ ಹಾಗಿಲ್ಲ, ಅವ್ರಿಗೆ ನಿಧಿಗಳ್ಳರು ಅನ್ನೋ ಹೆಸ್ರು ಆಗ್ಲೇ ಇದೆ. ಮಾಡಿದೋನಿಗೆ ಮೂರು ಕಾಸಿನ ಲಾಭ ಇಲ್ದೆ, ಸುಮ್ನೆ ಕೈ ತುರಿಕೆಗೆ ಇನ್ನೊಬ್ಬರದ್ದೋ ಊರೋರದ್ದೋ ಆಸ್ತಿ ಕೆಡಿಸೋದು, ಆ 'ಸುಮ್ನೆ' ಬರ್ಬೇಕು ಪದದಲ್ಲಿ.

ಮಾತಲ್ಲಿ ಹಾಳುಗೆಡವೋದು ಅಂದ್ರೆ ನಡೀತದೆ, "ಬಸ್ ಸೀಟ್ ಬ್ಲೇಡಲ್ಲಿ ಕುಯ್ದು ಹಾಳುಗೆಡವಿದಾರೆ ನೋಡು ಮಾರಾಯ" ಅಂದ್ರೆ ಯಾರಿಗೆ ಅರ್ಥ ಆಗಲ್ಲ? ಮಾಡಿದೋನಿಗೆ ಮನೆಮುರುಕ ಇದ್ದಂಗೆ ಹಾಳುಗೆಡುಕ ಅನ್ಬಹುದು, ಮಾಡಿದ್ದಕ್ಕೆ ಹಾಳುಗೆಡುಕತನ. ಸ್ವಲ್ಪ ಉದ್ದ ಆಯ್ತು, ಗೊತ್ತು, ಆದ್ರೂ ವಿಧ್ವಂಸಕಕ್ಕಿಂತ ವಾಸಿ.

ಇನ್ನೊಂದು ಡೌಟು. ಮಳೆಗಾಲದಲ್ಲಿ ಶಾಲೆ ಕಾಂಪೌಂಡ್ ಮೇಲೆ ಹಸಿ ಪಾಚಿ ಕೆರೆದು ಹುಡುಗ್ರು ಹೆಸರು ಬರೀತಾರೆ, ಮುಂದಿನ ಮಳೆಗೆ ಮತ್ತೆ ಪಾಚಿ ಕಟ್ಟಿ ಮುಚ್ಚೋಗತ್ತೆ. ಅದನ್ನೂ ಇದೇ ಲೆಕ್ಕಕ್ಕೆ ಹಾಕ್ತೀರಾ, ಇಲ್ಲ ಕಿತಾಪತಿ ಅಂತ ಬಿಡ್ತೀರಾ? ಸಾಗರ, ಹೊಸನಗರ ಕಡೆಯೋರ ಮನೇಲಿ ಹಿರಿಯರು ಇದಕ್ಕೆ ಬೈಯೋ ಪದ ಏನಾದ್ರೂ ಇದ್ರೆ ಹೇಳಿ.