ಕಾಕಾ ಕಳಿಸಿದ 94 ಪರ್ಸೆಂಟ್

ಭಾನುವಾರ ಬೆಳಿಗ್ಗೆ 7 ಗಂಟೆ 40ಕ್ಕೆ ನಮ್ಮ ಮನೆತನದ ಗುಂಪಿಗೆ ಕಾಕಾ ಒಂದು ಫಾರ್ವರ್ಡ್ ಹಾಕಿದರು. ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಮೂಲೆಯಲ್ಲಿ ಒಂದು ದೀಪ.

"ಹಾರ್ವರ್ಡ್ ಸಂಶೋಧನೆ!! ಮುಚ್ಚುಮರೆ ಇಲ್ಲದೆ ವ್ಯಾಪಾರ ಮಾಡುವವನನ್ನು 94% ಗ್ರಾಹಕರು ಎಂದೂ ಬಿಡುವುದಿಲ್ಲ. ಯಜಮಾನ ನೀತಿವಂತನಾದರೆ ಅಂಗಡಿ ತಾನಾಗಿ ಬೆಳೆಯುತ್ತದೆ. ಎಲ್ಲರಿಗೂ ಕಳಿಸಿ."

ಕೆಳಗೆ ಕಾಕಾನ ಸ್ವಂತ ಮಾತು ಒಂದೇ ಸಾಲು: "ಇದನ್ನು ಆ ಸೀರೆ ಅಂಗಡಿಯವನಿಗೆ ಓದಿಸಬೇಕು."

ಸೀರೆಯ ವಿಷಯ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಮಗಳ ಕುಬುಸಕ್ಕೆ, ಅಂದರೆ ಸೀಮಂತಕ್ಕೆ ಅಂತ ಕಾಕಾ ಕೈಮಗ್ಗದ ಇಳಕಲ್ ಸೀರೆ ತಂದಿದ್ದರು. ಬೆಲೆಯೂ ಕೈಮಗ್ಗದ್ದೇ ಕೊಟ್ಟಿದ್ದರು. ಆರತಿಗೆ ಬಂದವರಲ್ಲಿ ನೇಕಾರರ ಮನೆಯ ಒಬ್ಬ ಹೆಣ್ಣುಮಗಳು ಸೆರಗನ್ನು ತಿರುವಿ ಹಾಕಿ ಬೆರಳಾಡಿಸಿದರು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಕಡೆ ಈ ಕಡೆ ನೋಡಿದರು, ಮೆಲ್ಲಗೆ "ಇದರಲ್ಲಿ ಕೊಂಡಿ ಇಲ್ಲಲ್ರೀ" ಅಂದರು. ಅವತ್ತಿನಿಂದ ಕಾಕಾನಿಗೆ ನಿದ್ದೆ ಇಲ್ಲ. ದುಡ್ಡಿಗಿಂತ, ನಾಲ್ಕು ಜನರೆದುರು ಗೊತ್ತಾಯಿತಲ್ಲ ಅನ್ನೋದೇ ಜಾಸ್ತಿ.

ಮೊದಲ ಉತ್ತರ ಬಂದದ್ದು ಬೆಳಗಾವಿಯಿಂದ. ಅಕ್ಕನ ಮಗ ಅಲ್ಲಿ ಇಂಜಿನಿಯರಿಂಗ್ ಓದುತ್ತಾನೆ. "ಅಜ್ಜಾ, ಯಾವ ಹಾರ್ವರ್ಡ್? ಯಾವ ವರ್ಷ? ಲಿಂಕ್ ಇದೆಯಾ?"

"ಒಳ್ಳೆ ಮಾತಿಗೆ ಲಿಂಕ್ ಯಾಕಪ್ಪಾ? ಬಂದದ್ದು ಕಳಿಸಿದೆ."

"2020ರಲ್ಲಿ ಕಷಾಯದ ಮೆಸೇಜೂ ಹೀಗೇ ಬಂದಿತ್ತು, ಹೀಗೇ ಕಳಿಸಿದ್ರಿ."

ಅಲ್ಲಿಗೆ 94 ಪರ್ಸೆಂಟ್ ಪಕ್ಕಕ್ಕೆ ಹೋಯಿತು. ಮುಂದಿನ ಅರ್ಧ ಗಂಟೆ ಬರೀ ಕಷಾಯ. ಚಿಕ್ಕಮ್ಮ "ಅದನ್ನು ಕುಡಿದೇ ನಿಮ್ಮ ಅಮ್ಮ ಆರಾಮ ಆದಳು" ಎಂದರು. ಅಕ್ಕ "ನಾನು ಕುಡಿದಿಲ್ಲ, ಸಿಂಕಿಗೆ ಚೆಲ್ಲಿದ್ದೆ" ಎಂದಳು. ಚಿಕ್ಕಮ್ಮನಿಗೆ ಈ ವಿಷಯ ಗೊತ್ತಾದದ್ದೇ ಈಗ. ಪಾಪ, ದಿನಾ ಒಂದು ಥರ್ಮಾಸ್ ತುಂಬಿ ಕಳಿಸುತ್ತಿದ್ದರು.

ನಾನು ಬಾಗಲಕೋಟೆ ನವನಗರದ ಒಂದು ಪಿಯು ಕಾಲೇಜಿನಲ್ಲಿ ವ್ಯವಹಾರ ಅಧ್ಯಯನ ಕಲಿಸುತ್ತೇನೆ. ಈ 94 ನನಗೆ ಹಳೆಯ ಪರಿಚಯ. ಸುಮ್ಮನಿರಲು ಆಗಲಿಲ್ಲ. ಅಕ್ಕನ ಮಗನ ಕಡೆಯವಳು, ಕಾಕಾನ ಕಡೆಯವಳು ಅನ್ನಿಸಿಕೊಳ್ಳದೆ, ತಿಳಿದದ್ದನ್ನು ಬರೆದೆ.

ಆ ಅಂಕಿ ಹಾರ್ವರ್ಡ್‌ದಲ್ಲ. ಲೇಬಲ್ ಇನ್‌ಸೈಟ್ ಅನ್ನುವ ಅಮೆರಿಕದ ಕಂಪನಿ 2016ರಲ್ಲಿ ಮಾಡಿದ ಸಮೀಕ್ಷೆಯದು. ಪೊಟ್ಟಣದ ಮೇಲಿನ ಮಾಹಿತಿಯನ್ನು ಕಲೆಹಾಕಿ ಕಂಪನಿಗಳಿಗೆ ಒದಗಿಸೋದೇ ಅವರ ಕಸುಬು. ಪೂರ್ತಿ ಮಾಹಿತಿ ಕೊಡುವ ಬ್ರಾಂಡಿಗೆ ನೀವು ಅಂಟಿಕೊಳ್ಳುತ್ತೀರಾ ಅಂತ ಸುಮಾರು 2,000 ಜನರನ್ನು ಕೇಳಿದರು. 94% ಜನ ಹೌದು ಅನ್ನುವ ಅರ್ಥದ ಉತ್ತರ ಕೊಟ್ಟರು. ಹಾಗೆ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ? ಬಾಯಲ್ಲಿ ಹೇಳೋದು ಒಂದು, ಅಂಗಡಿಯಲ್ಲಿ ಕೈ ಹೋಗೋದು ಇನ್ನೊಂದು ಕಡೆಗೆ.

ಹಾರ್ವರ್ಡ್‌ನವರು ಮಾಡಿದ್ದು ಬೇರೆ. ರಯಾನ್ ಬ್ಯುಯೆಲ್ ಎಂಬ ಪ್ರಾಧ್ಯಾಪಕರು ಮತ್ತು ಜೊತೆಯವರು ಒಂದು ಕ್ಯಾಂಟೀನಿನಲ್ಲಿ ಅಡುಗೆಯವರಿಗೆ ಗ್ರಾಹಕರು, ಗ್ರಾಹಕರಿಗೆ ಅಡುಗೆಯವರು ಕಾಣುವ ಹಾಗೆ ವಿಡಿಯೊ ಪರದೆ ಇಟ್ಟು ನೋಡಿದರು. ಒಬ್ಬರಿಗೊಬ್ಬರು ಕಂಡಾಗ ಊಟದ ಬಗ್ಗೆ ತೃಪ್ತಿ 17.3% ಹೆಚ್ಚಿತು, ಕೆಲಸವೂ 13.2% ಬೇಗ ಆಯಿತು. ನಮ್ಮ ಕಡೆ ರೊಟ್ಟಿ ಬಡಿಯೋದು ಕಣ್ಣೆದುರಿಗೇ ಕಾಣುವ ಖಾನಾವಳಿ ಇರುತ್ತಲ್ಲ, ಅಂಥದ್ದು, ಅಂತ ಒಂದು ಸಾಲು ಸೇರಿಸಿದೆ.

ಆ ಸಾಲು ಹಾಕಬಾರದಿತ್ತು. ಅತ್ತೆಯ ಮಗ ಪುಣೆಯಿಂದ ಶುರು ಮಾಡಿದ. "ಖಾನಾವಳಿ ಅಂದ ಕೂಡಲೆ ನೆನಪಾಯ್ತು ನೋಡು. ಹಳೇ ಬಾಗಲಕೋಟೆಯಲ್ಲಿ ಅಜ್ಜನ ಅಂಗಡಿ ಪಕ್ಕದಲ್ಲೇ ಇತ್ತಲ್ಲ ಒಂದು. ಎಣ್ಣೆಗಾಯಿ ಬದನೆಕಾಯಿ ವಾಸನೆ ಬೆಲ್ಲದ ಚೀಲಕ್ಕೂ ಹತ್ತುತ್ತಿತ್ತು." ಆಮೇಲೆ ಹೋಳಿ. ಮೂರು ದಿನದ ಬಣ್ಣ, ರಾತ್ರಿಯಿಡೀ ಹಲಗಿ, ಅಂಗಡಿ ಕಟ್ಟೆಯ ಮೇಲೆ ಕುಳಿತು ಬಂಡಿ ನೋಡಿದ್ದು. ಒಬ್ಬರಾದ ಮೇಲೆ ಒಬ್ಬರು ಬಂದರು. ಬೆಂಗಳೂರಿನಲ್ಲಿ ಇರುವವರು, ಗುಂಪಿನಲ್ಲಿ ವರ್ಷಕ್ಕೊಮ್ಮೆ ಬಾಯಿ ಬಿಡುವವರು ಕೂಡ. ಆ ಅಂಗಡಿ ಈಗ ಇಲ್ಲ. ಆಲಮಟ್ಟಿಯ ಹಿನ್ನೀರಿಗೆ ಹೋದ ಜಾಗದಲ್ಲಿ ಅದೂ ಇತ್ತು. ಅದಕ್ಕೇ ಇರಬೇಕು, ಆ ಮಾತು ತೆಗೆದರೆ ನಮ್ಮಲ್ಲಿ ಯಾರಿಗೂ ನಿಲ್ಲಿಸಲು ಆಗುವುದಿಲ್ಲ.

ಇಷ್ಟರಲ್ಲಿ ದೊಡ್ಡಪ್ಪ ಬಂದರು. ಅವರಿಗೆ 78. ದೊಡ್ಡ ಅಕ್ಷರ ಮಾಡಿಕೊಂಡು, ಒಂದೇ ಬೆರಳಿನಿಂದ, ತಪ್ಪಿಲ್ಲದ ಕನ್ನಡ ಬರೆಯುತ್ತಾರೆ. "ಸಂಶೋಧನೆ ಬೇಕಿಲ್ಲ. ನಮ್ಮ ಅಪ್ಪ ತಕ್ಕಡಿ ಹಿಡಿದರೆ ಗಿರಾಕಿ ಮುಳ್ಳು ನೋಡುತ್ತಿರಲಿಲ್ಲ. ಅದು ಕಾಯಕ. ಈಗಿನವರಿಗೆ ದುಡ್ಡು ಬೇಕು, ಕಾಯಕ ಬೇಡ. ಕೂಡಲಸಂಗಮ ಇರುವ ಜಿಲ್ಲೆಯಲ್ಲಿ ಹುಟ್ಟಿ ಇದನ್ನು ಅಮೆರಿಕದವರಿಂದ ಕಲಿಯಬೇಕೆ?" ಹನ್ನೆರಡು ಜನ ಕೈಮುಗಿದರು.

ಅಜ್ಜನ ತಕ್ಕಡಿಯ ಬಗ್ಗೆ ದೊಡ್ಡಪ್ಪ ಹೇಳಿದ್ದು ನಿಜ. ಆದರೆ ನನ್ನ ಕಣ್ಣಲ್ಲಿ ಕೂತಿರುವುದು ಬೆಲ್ಲ. ಅಂಗಡಿಯ ಮುಂದೆ ಮಹಾಲಿಂಗಪುರದ ಎರಡು ಪೆಂಟೆ ಇಟ್ಟಿರುತ್ತಿದ್ದರು. ಒಂದು ಕಂದು, ಸ್ವಲ್ಪ ಮೆತ್ತಗೆ, ಮೇಲೆ ಕಬ್ಬಿನ ಸಣ್ಣ ನಾರು. ಇನ್ನೊಂದು ಬಂಗಾರದ ಹಳದಿ, ಗಟ್ಟಿ, ಹೊಡೆದರೆ ಹರಳು ಹರಳಾಗಿ ಸಿಡಿಯುವಂಥದ್ದು. ಬಣ್ಣ ಬರಲಿ ಅಂತ ಕುದಿಯುವ ಕೊಪ್ಪರಿಗೆಗೆ ಹೈಡ್ರೋಸ್ ಅನ್ನುವ ರಾಸಾಯನಿಕದ ಪುಡಿ ಹಾಕುತ್ತಾರೆ. ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದರು, "ಇದಕ್ಕೆ ಪುಡಿ ಬಿದ್ದಿದೆ, ಇದಕ್ಕೆ ಬಿದ್ದಿಲ್ಲ. ಬೆಲೆ ಎರಡಕ್ಕೂ ಅಷ್ಟೇ." ಕೇಳಿದವರು ಹೌದ್ರೀ ಹೌದ್ರೀ ಅನ್ನುತ್ತಿದ್ದರು, ಪುಡಿ ಹಾಕುವವರನ್ನು ಬೈಯುತ್ತಿದ್ದರು, ಹಳದಿಯದ್ದನ್ನೇ ಕಟ್ಟಿಸಿಕೊಂಡು ಹೋಗುತ್ತಿದ್ದರು. ಸಂಜೆ ಹೊತ್ತಿಗೆ ಹಳದಿ ಪೆಂಟೆ ಅರ್ಧ ಆಗಿರುತ್ತಿತ್ತು. ಕಂದು ಪೆಂಟೆಗೆ ಇರುವೆ ಹತ್ತಿರುತ್ತಿತ್ತು. ಅಜ್ಜ ಮರುದಿನ ಮತ್ತೆ ಅದೇ ಮಾತು ಹೇಳುತ್ತಿದ್ದರು.

ಇದನ್ನೂ ಗುಂಪಿನಲ್ಲಿ ಬರೆದೆ. ಸತ್ಯ ಹೇಳಿದ ಕೂಡಲೆ ಗಿರಾಕಿ ಬರುತ್ತಾರೆ ಅನ್ನೋದು ನಮ್ಮ ಅಂಗಡಿಯಲ್ಲೇ ಸುಳ್ಳಾಗಿತ್ತು ಅಂತ. ಅಕ್ಕನ ಮಗ ಇದಕ್ಕೆ ಮ್ಯಾಗಿ ತಂದ. 2015ರ ಜೂನ್‌ನಲ್ಲಿ ಸೀಸ ಜಾಸ್ತಿ ಇದೆ ಅಂತ ನಿಷೇಧ ಆಯಿತು, ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶ ತೆಗೆದು ಮತ್ತೆ ಪರೀಕ್ಷೆ ಮಾಡಿಸಲು ಹೇಳಿತು, ನವೆಂಬರ್‌ನಲ್ಲಿ ಮಾಲು ವಾಪಸ್ ಬಂತು. "ನಮ್ಮ ಮನೆಯಲ್ಲಿ ದೀಪಾವಳಿ ಪಾಡ್ಯಕ್ಕೇ ಬೇಯಿಸಿದ್ರು" ಎಂದ. ಚಿಕ್ಕಮ್ಮ "ಅದಕ್ಕೂ ಕಷಾಯಕ್ಕೂ ಏನು ಸಂಬಂಧ" ಎಂದರು. ಅವರು ಇನ್ನೂ ಅಲ್ಲೇ ಇದ್ದರು.

ಹನ್ನೊಂದು ಗಂಟೆಗೆ ಜಮಖಂಡಿಯ ಸೋದರತ್ತೆಯ ಮೆಸೇಜ್ ಬಂತು. ಅವರು ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟು ಬೇರೆ ಬರೆದದ್ದು ನಾನು ನೋಡಿಲ್ಲ. ದೊಡ್ಡಪ್ಪನ ಕಾಯಕದ ಮೆಸೇಜನ್ನೇ ಹಿಡಿದು ಉತ್ತರ ಕೊಟ್ಟಿದ್ದರು.

"ಅಣ್ಣಾ, ಅಪ್ಪನ ಅಂಗಡಿಗೆ ಬಂದ ಪರಿಹಾರದ ಲೆಕ್ಕ ಎಲ್ಲಿ?"

ಅಷ್ಟೇ. ನಾನು ಅಡುಗೆ ಮನೆಯಲ್ಲಿದ್ದೆ. ಒಲೆ ಆರಿಸಿದೆ.

ಅಂಗಡಿ ಮುಳುಗಡೆಗೆ ಹೋದಾಗ ಪರಿಹಾರ ಹಿರಿಯ ಮಗನ ಹೆಸರಿಗೆ ಬಂತು. ಅದರಿಂದ ನವನಗರದಲ್ಲಿ ಒಂದು ಸೈಟು ಆಯಿತು, ಅದು ದೊಡ್ಡಪ್ಪನ ಹೆಸರಲ್ಲಿದೆ. ಉಳಿದದ್ದು ಏನಾಯಿತು ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ಅಪ್ಪ ಕೇಳದೆಯೇ ತೀರಿಕೊಂಡರು. ಅಮ್ಮ ಮಾತ್ರ ರೊಟ್ಟಿ ಬಡಿಯುವಾಗ ಒಂದೊಂದು ಸಲ ಈ ಮಾತು ತೆಗೆದು ತಾನೇ ನಿಲ್ಲಿಸುತ್ತಿದ್ದಳು. 20 ವರ್ಷದ ಮೇಲಾಯಿತು.

ಕಾಕಾ ತಮ್ಮ ಫಾರ್ವರ್ಡನ್ನು ಅಳಿಸಿಬಿಟ್ಟರು. ಅದರಿಂದ ಜಗಳ ಅಳಿಯಲಿಲ್ಲ. ದೊಡ್ಡಪ್ಪನ ಮಗ "ಅಪ್ಪನ ವಯಸ್ಸಿಗಾದರೂ ಮರ್ಯಾದೆ ಕೊಡಿ" ಎಂದ. ಅತ್ತೆಯ ಮಗ, ಬೆಳಿಗ್ಗೆಯಿಂದ ಹೋಳಿ ನೆನೆದವನು, "ನನ್ನ ಅಮ್ಮನಿಗೂ ವಯಸ್ಸಾಗಿದೆ" ಎಂದ. ಒಬ್ಬರು ಗುಂಪು ಬಿಟ್ಟರು. ಕಾಕಾ ಅವರನ್ನು ಮತ್ತೆ ಸೇರಿಸಿದರು. ಅವರು ಮತ್ತೆ ಬಿಟ್ಟರು. ಸೀರೆ, ಕಷಾಯ, ಯಾರ ಮದುವೆಯಲ್ಲಿ ಯಾರನ್ನು ಎರಡನೇ ಪಂಕ್ತಿಗೆ ಕೂರಿಸಿದ್ದು, ಎಲ್ಲ ಬಂತು.

ನನ್ನ ಅಭಿಪ್ರಾಯ ಹೇಳಲೇಬೇಕು. ದೊಡ್ಡಪ್ಪ ಒಂದು ರೂಪಾಯಿಯನ್ನೂ ತಿಂದಿಲ್ಲ ಅಂತ ನಾನು ನಂಬಿದ್ದೇನೆ. ನನ್ನ ಕಾಲೇಜಿನ ಫೀ ಕಟ್ಟಿದವರು ಅವರು. ಆದರೆ ಅತ್ತೆ ಕೇಳಿದ್ದರಲ್ಲಿ ಒಂದಿಷ್ಟೂ ತಪ್ಪಿಲ್ಲ. ನೀತಿವಂತ ನಾಯಕತ್ವದ ಬಗ್ಗೆ ಅಮೆರಿಕದ ಪ್ರಾಧ್ಯಾಪಕಿ ಲಿಂಡಾ ಟ್ರೆವಿನೊ ಮತ್ತು ಜೊತೆಗಾರರು 2000ರಲ್ಲಿ ಬರೆದದ್ದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಮುಖ್ಯಸ್ಥ ತಾನು ಪ್ರಾಮಾಣಿಕನಾಗಿದ್ದರೆ ಸಾಲದು. ಅದು ಕೆಳಗಿನವರಿಗೆ ಕಾಣಬೇಕು, ಅವನು ಆ ಬಗ್ಗೆ ಬಾಯಿಬಿಟ್ಟು ಮಾತಾಡಬೇಕು. ಇಲ್ಲದಿದ್ದರೆ ಜನ ಅವನನ್ನು ಒಳ್ಳೆಯವನು ಅಂತಲೂ ಲೆಕ್ಕಕ್ಕೆ ಇಡುವುದಿಲ್ಲ. ಮಕ್ಕಳಿಗೆ ಹೇಳುವಾಗ ಒಂದು ಸಲವೂ ದೊಡ್ಡಪ್ಪ ನೆನಪಾಗಿರಲಿಲ್ಲ. ಅವತ್ತು ಒಲೆ ಮುಂದೆ ನಿಂತು ಅದೇ ಯೋಚನೆ.

ಮಧ್ಯಾಹ್ನ ಮತ್ತೆ ಬರೆದೆ. ಕೆನಡಾದಲ್ಲಿ ರೆಮಿ ಟ್ರುಡೆಲ್, ಜೂನ್ ಕಾಟ್ ಎಂಬ ಇಬ್ಬರು ಸಂಶೋಧಕರು ಜನರಿಗೆ ಕಾಫಿ ತೋರಿಸಿ, ಒಂದು ಪೌಂಡಿಗೆ ಎಷ್ಟು ಕೊಡುತ್ತೀರಿ ಅಂತ ಕೇಳಿದರು. 2009ರಲ್ಲಿ ಅದು ಪ್ರಕಟವಾಯಿತು. ಕಂಪನಿ ಬಗ್ಗೆ ಏನೂ ಹೇಳದಿದ್ದಾಗ ಜನ ಸರಾಸರಿ 8.31 ಡಾಲರ್ ಅಂದರು. ನ್ಯಾಯವಾಗಿ ನಡೆಯುವ ಕಂಪನಿ ಅಂದಾಗ 9.71. ಅನ್ಯಾಯದ್ದು ಅಂದಾಗ 5.89. ಒಳ್ಳೆಯದಕ್ಕೆ ಸಿಕ್ಕ ಬಹುಮಾನ 1.40, ಕೆಟ್ಟದ್ದಕ್ಕೆ ಬಿದ್ದ ದಂಡ 2.42. "ಕಾಕಾ, ನೀವು ಆ ಅಂಗಡಿಯಲ್ಲಿ ಎಷ್ಟು ವರ್ಷದಿಂದ ಸೀರೆ ತಗೊಂಡಿದ್ರಿ? ಎಲ್ಲ ಚೆನ್ನಾಗೇ ಇತ್ತಲ್ವಾ? ಈಗ ನೆನಪಿರೋದು ಒಂದೇ ಸೀರೆ. ಪವರ್‌ಲೂಮ್ ಅಂತ ಹೇಳಿ ಕೊಟ್ಟಿದ್ದರೆ ನೀವೇ ಖುಷಿಯಿಂದ ತರ್ತಿದ್ರಿ. ದೊಡ್ಡಪ್ಪಾ, ನಮ್ಮ ಮನೆಯಲ್ಲೂ ಹಾಗೇ ಆಗಿದೆ. ನೀವು ಕಟ್ಟಿದ ಫೀ ಯಾರಿಗೂ ನೆನಪಿಲ್ಲ, ಹೇಳದೆ ಬಿಟ್ಟ ಲೆಕ್ಕ ಎಲ್ಲರಿಗೂ ನೆನಪಿದೆ. ಅತ್ತೆ ದುಡ್ಡು ಕೇಳ್ತಾ ಇಲ್ಲ, ಲೆಕ್ಕ ಕೇಳ್ತಾ ಇದ್ದಾರೆ."

ಓದಿದರೋ ಇಲ್ಲವೋ. ನೀಲಿ ಗುರುತು ಬಂತು. ಅಕ್ಕನ ಮಗ ಒಬ್ಬನೇ "ಇದಕ್ಕೆ ಲಿಂಕ್ ಬೇಕು, ನಿಜವಾಗಲೂ ಓದೋಕೆ" ಎಂದ. ಕಳಿಸಿದೆ.

ಸಂಜೆ ಅತ್ತೆಗೆ ಫೋನ್ ಮಾಡಿದೆ. ಅವರ ದನಿ ನಡುಗುತ್ತಿತ್ತು. "ನನಗೆ ಸೈಟ್ ಬೇಡವೇ. ಅಪ್ಪನ ಅಂಗಡಿ ಎಷ್ಟಕ್ಕೆ ಹೋಯಿತು ಅಂತ ಮಗಳಾದ ನನಗೆ ಗೊತ್ತಿಲ್ಲ. ಬೀಗರ ಮನೆಯಲ್ಲಿ ಕೇಳಿದರೆ ಏನು ಹೇಳಲಿ?" ಇಷ್ಟು ವರ್ಷ ಹಬ್ಬಕ್ಕೆ ಬಂದು, ಉಡಿ ತುಂಬಿಸಿಕೊಂಡು, ನಗುತ್ತಾ ಬಸ್ಸು ಹತ್ತಿ ಹೋಗುತ್ತಿದ್ದರು.

ರಾತ್ರಿ ಒಂಬತ್ತೂಕಾಲಿಗೆ ದೊಡ್ಡಪ್ಪ ಒಂದು ಫೋಟೋ ಹಾಕಿದರು. ಮಾತಿಲ್ಲ, ಬರೀ ಫೋಟೋ. ಕೆಂಪು ಬಟ್ಟೆಯ ರಟ್ಟಿನ ಹಳೆಯ ಖಾತೆ ಪುಸ್ತಕ, ಅಜ್ಜ ದೀಪಾವಳಿಯಲ್ಲಿ ಪೂಜೆ ಮಾಡುತ್ತಿದ್ದಂಥದ್ದು. ಪುಟದ ಮೇಲೆ ಶ್ರೀ, ಕುಂಕುಮದ ಒಣಗಿದ ಬೊಟ್ಟು. ಕೆಳಗೆ ದೊಡ್ಡಪ್ಪನ ದುಂಡು ಅಕ್ಷರ. ಬಂದ ಮೊತ್ತ. ಸೈಟಿಗೆ ಕಟ್ಟಿದ್ದು. ಅಂಗಡಿಯ ಹಳೆಯ ಸಾಲ, ಸಾಲ ಕೊಟ್ಟವರ ಹೆಸರಿನ ಸಮೇತ. ಅಜ್ಜಿಯ ಕಣ್ಣಿನ ಆಪರೇಷನ್. ಐದನೇ ಸಾಲಿನಲ್ಲಿ ನನ್ನ ಅಪ್ಪನ ಹೆಸರು, ಅದರ ಮುಂದೆ ಒಂದು ಅಂಕಿ. ಅದು ನನಗೂ ಗೊತ್ತಿರಲಿಲ್ಲ. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

ಪುಟದ ಬಲಬದಿಯಲ್ಲಿ ದೊಡ್ಡಪ್ಪನ ಕೈಯ ನೆರಳು ಬಿದ್ದಿತ್ತು. ಅಲ್ಲಿನ ಅಂಕಿಗಳು ಕಾಣುತ್ತಿರಲಿಲ್ಲ.

ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಹತ್ತು ನಿಮಿಷದ ಮೇಲೆ ಅತ್ತೆಯ ಉತ್ತರ ಬಂತು.

"ಅಣ್ಣಾ, ಬಲಗಡೆ ಕಾಣಿಸ್ತಾ ಇಲ್ಲ. ನಾಳೆ ಬೆಳಕಿನಲ್ಲಿ ಇನ್ನೊಂದು ಹಾಕು. ಮುಂದಿನ ಪುಟವನ್ನೂ ಹಾಕು."